ಬಿರುಕಿನ ಕೆಳಗಿನ ಕಾಗದ

“ಬಾಗಿಲ ಚೌಕಟ್ಟು ಕಿತ್ರೆ ಗಾರೆಯವನಿಗೆ ಎರಡು ದಿನದ ಕೂಲಿ, ಮೇಲೆ ಸಿಮೆಂಟು, ಮರಳು, ಬಣ್ಣ. ಮೇಜು ಕೊಯ್ದ್ರೆ ಅರ್ಧ ಗಂಟೆ, ಒಂದು ಗರಗಸ. ನೀವೇ ಯೋಚನೆ ಮಾಡಿ,” ಎಂದು ಮನೆ ಮಾಲೀಕ ಹೊಸ್ತಿಲ ಆಚೆ ನಿಂತು ಹೇಳುತ್ತಿದ್ದ. ಒಳಗೆ ನಾಲ್ಕು ಜನ ಮೇಜಿನ ನಾಲ್ಕು ಮೂಲೆ ಹಿಡಿದು ಬೆವರುತ್ತಿದ್ದರು. ಮೇಜು ಒಂದು ಕಡೆ ಎದ್ದರೆ ಇನ್ನೊಂದು ಕಡೆ ಗೋಡೆಗೆ ಬಡಿಯುತ್ತಿತ್ತು. ಮೂರು ಸಲ ತಿರುಗಿಸಿ ನೋಡಿದ್ದರು. ಮೂರು ಸಲವೂ ಕಾಲು ಬಾಗಿಲಿಗೆ ಸಿಕ್ಕಿಕೊಂಡಿತ್ತು.

“ಇಳಿಸ್ರಪ್ಪಾ, ಕೈ ಬಿದ್ದುಹೋಗುತ್ತೆ,” ಎಂದು ಟೀ ಅಂಗಡಿಯವನು ಕೂಗಿದ. ಮೇಜು ದೊಪ್ಪನೆ ಕೂತಿತು.

ಸತ್ತವನು ಒಳಗಿನ ಕೋಣೆಯಲ್ಲಿದ್ದ. ಬೀದಿಯಲ್ಲಿ ಅವನನ್ನು ಮೀಟರಣ್ಣ ಎನ್ನುತ್ತಿದ್ದರು. ಮೂವತ್ತು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರು ಓದಿ, ಚೀಟಿ ಬರೆದು ಕೊಟ್ಟವನು. ದಿನಾ ಬೆಳಿಗ್ಗೆ ಏಳಕ್ಕೆ ಟೀಗೆ ಬರುತ್ತಿದ್ದವನು ಇವತ್ತು ಬರಲಿಲ್ಲ. ಎಂಟಾಯಿತು, ಒಂಬತ್ತಾಯಿತು, ಟೀ ಅಂಗಡಿಯವನು ಅಂಗಡಿ ಬಿಟ್ಟು ಬಂದು ಕಿಟಕಿಯಲ್ಲಿ ಇಣುಕಿದ. ಮಲಗಿದವನು ಮಲಗಿದ ಹಾಗೇ ಇದ್ದ.

ಈಗ ಹೊರಗೆ ವಾಹನ ಬಂದು ನಿಂತಿತ್ತು. ಆದರೆ ಒಳಕೋಣೆಯಿಂದ ಬೀದಿಗೆ ಬರಬೇಕಾದರೆ ಮುಂದಿನ ಕೋಣೆ ದಾಟಬೇಕು, ಮುಂದಿನ ಕೋಣೆಯ ತುಂಬ ಆ ಮೇಜು. ಹತ್ತು ಅಡಿ ಉದ್ದ. ಅದಕ್ಕೂ ಗೋಡೆಗೂ ನಡುವೆ ಸಣಕಲು ಮನುಷ್ಯನೊಬ್ಬ ಅಡ್ಡಡ್ಡ ನಡೆದರೆ ಹೋಗುವಷ್ಟು ಜಾಗ. ಮೀಟರಣ್ಣ ಸಣಕಲೇ ಇದ್ದ. ಸ್ಟ್ರೆಚರು ಅಡ್ಡಡ್ಡ ನಡೆಯುವುದಿಲ್ಲ.

“ಮೇಜಿನ ಮೇಲೆ ಮಲಗಿಸಿ ಆ ಕಡೆಗೆ ಜಾರಿಸಿಬಿಟ್ರೆ?” ಎಂದ ಟೀ ಅಂಗಡಿಯವನು.

“ನನ್ನ ತಮ್ಮ ಏನು ಮೂಟೆನೇನೋ?” ಎಂದಳು ಅಕ್ಕ. ಸತ್ತವನಿಗಿಂತ ಆರು ವರ್ಷ ದೊಡ್ಡವಳು. ಮನೆಯಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಕೂತಿದ್ದಳು. ಕೂರುವುದಕ್ಕೆ ಬೇರೆ ಏನೂ ಇರಲಿಲ್ಲ. “ಇರೋನು ಒಬ್ಬ, ಸ್ಟೂಲು ಒಂದು, ಮೇಜು ನೋಡಿದ್ರೆ ಮದುವೆ ಮನೇದು. ಎತ್ತರಾನೂ ಎತ್ತರ, ಕೂತ್ಕೊಂಡು ಉಂಡ್ರೆ ತಟ್ಟೆ ಗದ್ದಕ್ಕೆ ಬರುತ್ತೆ. ಯಾವತ್ತು ಕೇಳಿದ್ರೂ ‘ಮುಗೀಲಿ ಇರಕ್ಕ’ ಅಂತಿದ್ದ. ಈಗ ಮುಗೀತು ನೋಡು.”

“ಕೊಯ್ಯೋದು ಬಿಟ್ಟು ಬೇರೆ ದಾರಿ ಇಲ್ಲ ಕಣ್ರಮ್ಮ,” ಎಂದ ಮಾಲೀಕ. ಕೆಟ್ಟವನಲ್ಲ. ಬೆಳಿಗ್ಗೆಯಿಂದ ಓಡಾಡಿ ಡಾಕ್ಟರನ್ನು ಕರೆಸಿದವನು, ವಾಹನ ಹೇಳಿದವನು ಅವನೇ. “ಆದ್ರೆ ಯಾರಾದ್ರೂ ಒಬ್ರು ‘ಹೂಂ’ ಅನ್ನಬೇಕು. ನಾಳೆ ನನ್ನ ಮೇಲೆ ಮಾತು ಬರಬಾರದು.”

ಎಲ್ಲರೂ ಬಾಗಿಲ ಕಡೆ ನೋಡಿದರು. ಎದುರು ಗೋಡೆಯ ನೆರಳಿನಲ್ಲಿ ಮೀಟರಣ್ಣನ ಹೆಂಡತಿ ನಿಂತಿದ್ದಳು.

ಅವಳು ಮೂರು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಜನ ಟೈಲರಮ್ಮ ಎನ್ನುತ್ತಿದ್ದರು. ಸುದ್ದಿ ಬಂದಾಗ ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಳು. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಈ ಮನೆ ಬಿಟ್ಟು ಹದಿನೆಂಟು ವರ್ಷವಾಗಿತ್ತು. ಬಿಟ್ಟ ಮೇಲೆ ಹೊಸ್ತಿಲು ತುಳಿದಿರಲಿಲ್ಲ. ದಾರಿಯಲ್ಲಿ ಎದುರಾದರೆ ಅವನು ತಲೆ ಬಗ್ಗಿಸುತ್ತಿದ್ದ, ಇವಳು ಆ ಕಡೆಯ ಅಂಗಡಿ ಬೋರ್ಡು ಓದುತ್ತಿದ್ದಳು. ಅವನನ್ನು ಕೇಳಬೇಕಾದ ಪ್ರಶ್ನೆ ಒಂದೇ ಒಂದು ಅವಳಲ್ಲಿ ಉಳಿದಿತ್ತು. ಉತ್ತರ ಹೇಳಬೇಕಾದವನು ಒಳಕೋಣೆಯಲ್ಲಿ ಬಾಯಿ ಕಟ್ಟಿಸಿಕೊಂಡು ಮಲಗಿದ್ದ.

“ಒಳಗೆ ಬಾರೆ. ಬೀದೀಲಿ ನಿಂತ್ಕೊಳ್ಳೋಕೆ ನೀನೇನು ಹಾಲಿನವಳಾ?” ಎಂದು ಅಕ್ಕ ಕೂಗಿದಳು.

“ನನ್ನದೇನಿದೆ ಅತ್ತಿಗೆ ಇಲ್ಲಿ, ‘ಹೂಂ’ ಅನ್ನೋಕೆ?”

“ಕಾಗದದಲ್ಲಿ ಹೆಂಡತಿ ನೀನೇ ತಾನೆ? ಬಿಟ್ಟೆ ಅಂತ ಎಲ್ಲಾದ್ರೂ ಬರೆದುಕೊಟ್ಟಿದ್ದೀಯಾ?”

ಬರೆದುಕೊಟ್ಟಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಟೈಲರಮ್ಮ ಒಳಗೆ ಬಂದಳು. ಏನು ಮಾಡಬೇಕೋ ತೋಚದೆ, ಕೈಗೆ ಗೊತ್ತಿದ್ದ ಕೆಲಸ ಮಾಡಿದಳು. ಕೊರಳಿನ ಟೇಪು ತೆಗೆದು ಬಾಗಿಲಿಗೆ ಹಿಡಿದಳು, ಆಮೇಲೆ ಮೇಜಿಗೆ.

“ಬಾಗಿಲು ಮೂವತ್ತೆರಡು. ಮೇಜಿನ ಅಗಲ ನಲವತ್ತೈದು,” ಎಂದಳು. “ಕೊಯ್ಯೋದಾದ್ರೂ ಕೊಯ್ಯೋಕೆ ಬರೋನು ಕೊಯ್ಯಲಿ. ಬಡಗೀನ ಕರೀರಿ.”

*

ಹದಿನೆಂಟು ವರ್ಷದ ಹಿಂದೆ ಅವಳಿಗೊಂದು ಕಾಗದ ಬಂದಿತ್ತು. ಹೊಲಿಗೆ ತರಬೇತಿ ಶಾಲೆಯಲ್ಲಿ ಕಲಿಸುವ ಕೆಲಸ. ರೈಲಿನಲ್ಲಿ ಒಂದು ಹಗಲಿನ ದಾರಿ. ಹತ್ತು ದಿನದೊಳಗೆ ಈ ಕಾಗದ, ಮೂಲ ಸರ್ಟಿಫಿಕೇಟು ಎರಡೂ ತಂದು ತೋರಿಸಿ ಸೇರಬೇಕು. ಅವಳು ಅದನ್ನು ನಾಲ್ಕು ಸಲ ಓದಿ, ಸರ್ಟಿಫಿಕೇಟಿನ ಜೊತೆ ಲಕೋಟೆಗೆ ಹಾಕಿ, ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿಟ್ಟಳು. ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಡ್ರಾಯರೊಂದೇ. ಮೆಷಿನ್ನು ಅವಳ ತಾಯಿಯದು.

ಗಂಡನಿಗೆ ಹೇಳಿದಳು. ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. “ಆ ಊರಲ್ಲಿ ನೀರು ಹೇಗೋ ಏನೋ,” ಅಂದ.

ಮೆಷಿನ್ನಿನ ಮೇಲಿನ ಹಲಗೆಯಲ್ಲಿ ಒಂದು ಉದ್ದ ಬಿರುಕಿತ್ತು. ನುಣುಪು ಬಟ್ಟೆ ಹೊಲಿಯುವಾಗೆಲ್ಲ ನೂಲು ಅದಕ್ಕೆ ಸಿಕ್ಕಿ ಎಳೆದುಕೊಳ್ಳುತ್ತಿತ್ತು. ಎರಡು ವರ್ಷದಿಂದ ಅವಳು ಗೊಣಗುತ್ತಿದ್ದಳು. ಆ ಭಾನುವಾರ ಮಧ್ಯಾಹ್ನ ಅವಳು ಹೊರಗೆ ಹೋಗಿದ್ದಾಗ ಅವನಿಗೆ ಅದು ನೆನಪಾಯಿತು. ಮರದ ಪುಡಿ ಜರಡಿ ಹಿಡಿದು, ಅಂಟು ಕಲಸಿ, ಬಿರುಕಿಗೆ ಸುರಿದ. ನೀಟಾಗಿ ಉಜ್ಜಿಯೂ ಇಟ್ಟ. ಅಂಟು ಎಲ್ಲಿ ಇಳಿಯಿತು ಅಂತ ಅವನು ನೋಡಲಿಲ್ಲ. ಸಂಜೆ ಅವಳು ಬಂದು ಡ್ರಾಯರು ಎಳೆದಾಗ ಅದು ಗೋಡೆಯ ಹಾಗೆ ನಿಂತಿತು.

“ಏನು ಮಾಡಿದ್ರಿ ಇದಕ್ಕೆ?”

“ಬಿರುಕು ತುಂಬಿಸಿದೆ. ಇನ್ನು ನೂಲು ಹಿಡಿಯಲ್ಲ.” ಅವನೂ ಎಳೆದ. ಕಾಲು ಕೊಟ್ಟು ಎಳೆದ. “ಸೋರಿದೆ,” ಅಂದ.

“ನನ್ನ ಕಾಗದ ಅದರಲ್ಲೇ ಇದೆ.”

ಅವನು ಮತ್ತೊಮ್ಮೆ ಹಿಡಿ ಎಳೆದು ನೋಡಿದ.

“ಬೇಕು ಅಂತಲೇ ಮಾಡಿದ್ದು ಅಲ್ವಾ? ಬಾಯಿಬಿಟ್ಟು ಹೋಗಬೇಡ ಅನ್ನೋಕೆ ಆಗ್ಲಿಲ್ಲ, ಹಿಂಗೆ ಮಾಡಿದ್ರಿ.”

ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಎದ್ದು ಹೋಗಿ ತೆಳು ಬ್ಲೇಡು ತಂದ. ಅವಳು ಸುತ್ತಿಗೆ ತಂದಳು. ಅದನ್ನು ಕಂಡು ಅವನು ಹಲಗೆಗೆ ಕೈ ಅಡ್ಡ ಇಟ್ಟ. “ಬೇಡ. ನಿಮ್ಮಮ್ಮನ ಮೆಷಿನ್ನಿನ ಹಲಗೆ. ಒಡೆದ್ರೆ ಮತ್ತೆ ಬರಲ್ಲ. ನಾಳೆಯೊಳಗೆ ನಾನು ತೆಗಿತೀನಿ.”

ಅವಳು ಸುತ್ತಿಗೆಯನ್ನು ಮೆಷಿನ್ನಿನ ಪಕ್ಕದಲ್ಲೇ ಇಟ್ಟಳು. ನಾಳೆ ಹೋಯಿತು, ನಾಡಿದ್ದು ಹೋಯಿತು. ಅವನು ದಿನಾ ಕೆಲಸದಿಂದ ಬಂದು ಮಂಡಿಯೂರಿ ಕೂತು ಬ್ಲೇಡಿನಲ್ಲಿ ಕೆರೆಯುತ್ತಿದ್ದ. ಚಿಟಿಕೆಯಷ್ಟು ಪುಡಿ ಉದುರುತ್ತಿತ್ತು. ಸುತ್ತಿಗೆ ಇಬ್ಬರಿಗೂ ಕೈಗೆ ಎಟುಕುವ ಹಾಗೆ ಅಲ್ಲೇ ಬಿದ್ದಿತ್ತು. ಅವಳು ಎತ್ತಲಿಲ್ಲ. ಅವನೇ ಎತ್ತಲಿ, ಒಂದೇ ಒಂದು ಏಟು ಅವನೇ ಹೊಡೆಯಲಿ ಎಂದು ಕಾದಳು. ಹತ್ತನೆಯ ದಿನ ಬರಿಗೈಯಲ್ಲಿ ರೈಲು ಹತ್ತಿದಳು. ಅಲ್ಲಿಯ ಗುಮಾಸ್ತ ಪಾಪ ಒಳ್ಳೆಯವನೇ, ಆದರೂ ಕಾಗದವಿಲ್ಲದೆ ಏನು ಮಾಡಿಯಾನು? ಪಟ್ಟಿಯಲ್ಲಿ ಮುಂದಿನ ಹೆಸರಿನವರಿಗೆ ಕೆಲಸ ಹೋಯಿತು. ವಾಪಸು ಬಂದವಳು ನಿಲ್ದಾಣದಿಂದ ಮನೆಗೆ ಹೋಗಲಿಲ್ಲ. ಮೂರು ಬೀದಿ ಆಚೆ ಒಂದು ಕೋಣೆ ಹಿಡಿದಳು, ಕಂತಿನ ಮೇಲೆ ಬೇರೆ ಮೆಷಿನ್ನು ತಂದಳು.

*

ಬಡಗಿ ಬಂದ. ಎಪ್ಪತ್ತರ ಹತ್ತಿರದವನು, ಕೆಲಸವನ್ನೆಲ್ಲ ಅಳಿಯನಿಗೆ ಬಿಟ್ಟು ಅಂಗಡಿ ಮುಂದೆ ಕೂತು ಹೋಗುವವರನ್ನು ಬರುವವರನ್ನು ಮಾತಾಡಿಸುವುದೇ ಕೆಲಸ ಮಾಡಿಕೊಂಡವನು. ಕಂಕುಳಲ್ಲಿ ಗರಗಸವಿತ್ತು.

“ಇದೇನಾ ಆ ಮೇಜು?” ಎಂದ. “ಹನ್ನೊಂದು ವರ್ಷದಿಂದ ಬರೀ ಸುದ್ದಿ ಕೇಳಿದ್ದೆ. ‘ಮೀಟರಣ್ಣ, ನಿಮ್ಮ ಮೇಜು ಮುಗಿಯೋ ಹೊತ್ತಿಗೆ ಆ ಮರ ಮತ್ತೆ ಚಿಗುರುತ್ತೆ’ ಅಂತಿದ್ದೆ. ನಕ್ಕೊಂಡು ಹೋಗ್ತಿದ್ರು.”

“ಮಾತು ಆಮೇಲೆ ಮೇಸ್ತ್ರಿ. ಎಲ್ಲಿ ಕೊಯ್ಯಬೇಕು ನೋಡಿ,” ಎಂದ ಮಾಲೀಕ.

ಬಡಗಿ ಮೇಜಿನ ಮೇಲೆ ಅಂಗೈ ಎಳೆದ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದ. ಮತ್ತೆ ಈ ತುದಿಗೆ ಬಂದ. ಐದು ಹಲಗೆ, ಐದೂ ಬೇರೆ ಬೇರೆ ಬಣ್ಣ. ಒಂದೊಂದರಲ್ಲೂ ಹಳೆಯ ಮೊಳೆಯ ತೂತು, ಬಿಸಿಲಿಗೆ ಬಿಟ್ಟ ಸೀಳು, ಹುಳು ತಿಂದ ಗೆರೆ. ಎಲ್ಲವನ್ನೂ ತುಂಬಿಸಿ ಉಜ್ಜಲಾಗಿತ್ತು. ಕಣ್ಣಿಗೆ ಗೆರೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ.

“ಆಯಾ ಮರಕ್ಕೆ ಅದರದ್ದೇ ಪುಡಿ ಹಾಕಿದ್ದಾರೆ,” ಎಂದ ಬಡಗಿ. ಮೊದಲಿನ ತಮಾಷೆ ದನಿಯಲ್ಲಿರಲಿಲ್ಲ. “ನೋಡಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಪುಡೀನ ಬೇರೆ ಬೇರೆ ಇಟ್ಕೊಂಡಿರಬೇಕು.”

ಇಟ್ಟುಕೊಂಡಿದ್ದ. ಕಿಟಕಿಯ ಮೇಲೆ ಸಾಲಾಗಿ ಗಾಜಿನ ಬಾಟಲಿಗಳಿದ್ದವು. ಒಂದೊಂದಕ್ಕೂ ಚೀಟಿ: ಹಳೇ ಅಂಚೆ ಕಚೇರಿ. ಮೂರು ಮಹಡಿ ಮನೆ ಮೆಟ್ಟಿಲು. ದರ್ಜಿ ಬೀದಿ ಹನ್ನೆರಡು, ಅಡುಗೆಮನೆ ಬಾಗಿಲು.

*

ನೀರಿನ ಮೀಟರು ಮನೆಯ ಹಜಾರದಲ್ಲಿರುವುದಿಲ್ಲ. ಮೆಟ್ಟಿಲ ಕೆಳಗೆ, ಅಡುಗೆಮನೆಯ ಬಾಗಿಲ ಹಿಂದೆ, ಬಚ್ಚಲ ಗೋಡೆಯ ಮೂಲೆಯಲ್ಲಿರುತ್ತದೆ. ಹಾಗಾಗಿ ಮೀಟರಣ್ಣ ಮೂವತ್ತು ವರ್ಷ ಊರಿನ ಮನೆಗಳನ್ನು ಕೆಳಗಿನಿಂದ, ಹಿಂದಿನಿಂದ ನೋಡಿದ. ಮೆಟ್ಟಿಲಿನ ಮೇಲ್ಭಾಗವನ್ನು ಜನ ತುಳಿದರು, ಅದರ ಅಡಿ ಹೇಗಿದೆ ಅಂತ ಬಗ್ಗಿ ಟಾರ್ಚು ಬಿಟ್ಟವನು ಇವನೊಬ್ಬನೇ. ತಿಂಗಳಿಗೊಮ್ಮೆ ಪ್ರತಿ ಮನೆಯ ಒಳಗೂ ಹೋದ. “ಮೀಟರ್ರು” ಎಂದು ಕೂಗುತ್ತಿದ್ದ, ಯಾರೋ ಬಾಗಿಲು ತೆಗೆಯುತ್ತಿದ್ದರು, ಚೀಟಿ ಕೊಟ್ಟು ಬರುತ್ತಿದ್ದ. ಅಷ್ಟು ಮನೆಯಲ್ಲಿ ಒಬ್ಬರಾದರೂ ಕೂತ್ಕೊಳ್ಳಿ ಎಂದದ್ದಿಲ್ಲ. ಅದರಲ್ಲಿ ಅವರ ತಪ್ಪಿಲ್ಲ. ಬಿಲ್ಲು ತಂದವನನ್ನು ಯಾರು ಕೂರಿಸುತ್ತಾರೆ?

ಒಂದೊಂದಾಗಿ ಆ ಮನೆಗಳು ಉರುಳತೊಡಗಿದಾಗ ಅವನು ಕೆಡವುವವರ ಹತ್ತಿರ ಹೋಗಿ ನಿಲ್ಲುತ್ತಿದ್ದ. “ಮೆಟ್ಟಿಲ ಕೆಳಗಿನ ಮೂರನೇ ಹಲಗೆ ಕೊಡ್ತೀರಾ?” ಎಂದು ಗುರುತು ಹೇಳಿ ಕೇಳುತ್ತಿದ್ದ. ಸೌದೆಗೆ ಹೋಗುವುದಕ್ಕೆ ಬೆಲೆ ಏನು, ತಗೊಂಡು ಹೋಗಿ ಎನ್ನುತ್ತಿದ್ದರು. ಹೆಗಲ ಮೇಲೆ ಹೊತ್ತು ತರುತ್ತಿದ್ದ. ಮೊಳೆ ಕೀಳಲು ಒಂದು ವಾರ. ಬಿರುಕಿನ ಒಳಗಿನ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಶ್ಶು, ದಬ್ಬಳದಲ್ಲಿ ತೆಗೆಯಲು ಇನ್ನೊಂದು ವಾರ. ಮರ ಕೋಣೆಯ ಗಾಳಿಗೆ ಒಗ್ಗಿಕೊಳ್ಳಲಿ ಎಂದು ಒಂದು ಮಳೆಗಾಲ, ಒಂದು ಬೇಸಿಗೆ ಗೋಡೆಗೆ ಒರಗಿಸಿ ಬಿಡುತ್ತಿದ್ದ. ಒದ್ದೆಯಲ್ಲಿ ಮುಚ್ಚಿಕೊಳ್ಳುವ ಬಿರುಕು ಬಿಸಿಲಿಗೆ ಮತ್ತೆ ಬಾಯಿ ಬಿಡುತ್ತದೆ. ಪೂರ್ತಿ ಬಾಯಿ ಬಿಟ್ಟ ಮೇಲೆ ತುಂಬಿಸಬೇಕು. ಅವಸರ ಮಾಡಿದರೆ ಪಕ್ಕದಲ್ಲಿ ಇನ್ನೊಂದು ಸೀಳುತ್ತದೆ. ಅವನಿಗೆ ಅವಸರವೂ ಇರಲಿಲ್ಲ, ಅವಸರ ಮಾಡು ಎನ್ನುವವರೂ ಇರಲಿಲ್ಲ.

*

ಬಡಗಿ ಮೇಜಿನ ಕೆಳಗೆ ತಲೆ ಹಾಕಿದ. ಕಾಲುಗಳ ಬುಡವನ್ನು ಒಂದೊಂದಾಗಿ ತಡವಿ ನೋಡಿದ. ಆಮೇಲೆ ಕೆಳಗಿನಿಂದಲೇ, “ಗರಗಸ ಬೇಡ. ಸಣ್ಣ ಮರದ ಕೊಡತಿ ಇದ್ರೆ ಕೊಡಿ,” ಎಂದ.

“ಯಾಕೆ?”

“ಮೊಳೆ ಹೊಡೆದಿಲ್ಲ ಇದಕ್ಕೆ. ಕಾಲಿಗೊಂದು ಬೆಣೆ. ನಾಲ್ಕು ಬೆಣೆ ಬಡಿದ್ರೆ ಕಾಲು ನಾಲ್ಕೂ ಬಿಚ್ಕೊಳ್ಳುತ್ತೆ. ಹಲಗೇನ ಅಡ್ಡ ನಿಲ್ಲಿಸಿದ್ರೆ ಈ ಬಾಗಿಲಲ್ಲಿ ಆರಾಮಾಗಿ ಹೋಗುತ್ತೆ. ಹೊರಗೆ ತಗೊಂಡು ಹೋಗ್ಲಿ ಅಂತಲೇ ಮಾಡಿದ್ದಾರೆ ಪುಣ್ಯಾತ್ಮ.”

“ಮತ್ತೆ ಇಷ್ಟು ದಿನ ಹೇಳಲಿಲ್ವಲ್ಲ!” ಎಂದ ಮಾಲೀಕ. “ಈ ಮೇಜು ಹೊರಗೆ ಹೋಗಲ್ಲ ಅಂತ ನಾನು ಎಷ್ಟು ಸಲ ಆಡ್ಕೊಂಡಿದ್ದೀನಿ.”

“ನೀವು ಆಡ್ಕೊಂಡ್ರಿ. ಕೇಳಿದ್ರಾ?” ಎಂದ ಬಡಗಿ.

ಟಕ್ ಟಕ್ ಎಂದು ನಾಲ್ಕು ಬೆಣೆ ಸಡಿಲಾದವು. ಕಾಲುಗಳನ್ನು ಮೂಲೆಗೆ ಒರಗಿಸಿದರು. ಐದಾರು ಜನ ಸೇರಿ ಹಲಗೆಯನ್ನು ಅಡ್ಡ ಎತ್ತಿ ಗೋಡೆಗೆ ನಿಲ್ಲಿಸಿದರು. ಅದರ ಅಡಿಯ ಭಾಗ ಕೋಣೆಯ ಕಡೆಗೆ ತಿರುಗಿತು.

ಅಡಿಯ ತುಂಬ ಕಾಗದ. ಬೆರಳಗಲದ ಪಟ್ಟಿಗಳು, ಒಂದೊಂದು ಬಿರುಕಿನ ಉದ್ದಕ್ಕೂ, ತೂತಿನ ಮೇಲೂ, ಹಲಗೆ ಹಲಗೆ ಕೂಡಿದ ಕಡೆಯೂ. ಹಳೆಯ ಮೀಟರು ಚೀಟಿಗಳನ್ನು ಕತ್ತರಿಸಿ ಅಂಟಿಸಿದ್ದ. ಅವನ ಉರುಟು ಅಕ್ಷರದಲ್ಲಿ ಮನೆ ನಂಬರು, ಹಿಂದಿನ ತಿಂಗಳ ಅಂಕಿ, ಈ ತಿಂಗಳ ಅಂಕಿ.

“ಅಯ್ಯೋ, ನಮ್ಮನೆ ನಂಬರು,” ಎಂದ ಟೀ ಅಂಗಡಿಯವನು, ಹತ್ತಿರ ಹೋಗಿ. “ಇದೇನಿದು, ಊರನ್ನೇ ಅಂಟಿಸಿಬಿಟ್ಟಿದ್ದಾರೆ.”

“ಅಂಟು ಕೆಳಗೆ ಸೋರಬಾರದು ಅಂತ,” ಎಂದ ಬಡಗಿ. “ಬಿರುಕಿಗೆ ಮೇಲಿಂದ ಸುರಿಯೋ ಮೊದಲು ಕೆಳಗಿಂದ ಕಾಗದ ಹಾಕಬೇಕು. ಆದ್ರೆ ಯಾರೂ ಇಷ್ಟು ಹಾಕಲ್ಲ. ಕೂದಲೆಳೆ ಸೀಳಿಗೂ ಎರಡೆರಡು ಪದರ ಹಾಕಿದ್ದಾರೆ ನೋಡಿ. ಇದು ಒಂದ್ಸಲ ಸೋರಿಸಿ ಸುಟ್ಕೊಂಡೋರ ಕೆಲಸ.”

ಟೈಲರಮ್ಮ ಗೋಡೆಯ ಹತ್ತಿರ ನಿಂತಿದ್ದಳು. “ಅವರಿಗೆ ಇದನ್ನ ಯಾರು ಹೇಳಿಕೊಟ್ಟಿದ್ದು ಮೇಸ್ತ್ರಿ?” ಎಂದಳು.

ಬಡಗಿ ತಲೆ ಕೆರೆದುಕೊಂಡ. “ನಾನೇ. ಹೇಳಿಕೊಟ್ಟೆ ಅನ್ನೋದಕ್ಕಿಂತ ಮರ್ಯಾದೆ ತೆಗೆದೆ ಅನ್ನಿ. ಬಹಳ ವರ್ಷ ಆಯ್ತು. ಒಂದು ಸೋಮವಾರ ಬೆಳಿಗ್ಗೆ, ಇನ್ನೂ ಅಂಗಡಿ ಬಾಗಿಲು ತೆಗೀತಿದ್ದೆ, ಬಂದು ನಿಂತಿದ್ರು. ಮುಖ ಬಿಳುಚಿಕೊಂಡಿತ್ತು. ‘ಅಂಟು ಸೋರಿ ಡ್ರಾಯರು ಹಿಡ್ಕೊಂಡಿದೆ, ಒಡೀದೆ ತೆಗೆಯೋದು ಹೇಗೆ’ ಅಂದ್ರು. ‘ಕೆಳಗೆ ಕಾಗದ ಹಾಕ್ಲಿಲ್ವಾ’ ಅಂದೆ. ‘ಹಾಕಬೇಕು ಅಂತ ಗೊತ್ತಿರಲಿಲ್ಲ, ಇದೇ ಮೊದಲು’ ಅಂದ್ರು. ನಾನು ಜೋರಾಗಿ ನಕ್ಕೆ, ಅಕ್ಕಪಕ್ಕದ ಅಂಗಡಿಯವರನ್ನೂ ಕರೆದು ನಗಿಸ್ದೆ. ‘ಒಡೀದೆ ತೆಗೀಬೇಕು ಅಂದ್ರೆ ವರ್ಷಗಟ್ಟಲೆ ಕೂತು ಕೆರೀರಿ’ ಅಂದೆ. ತಮಾಷೆಗೆ ಅಂದಿದ್ದು. ಅವರು ‘ಆಗಲಿ’ ಅಂದು ಹೋದ್ರು.”

ಹೊರಗೆ ವಾಹನದ ಡ್ರೈವರು ಒಮ್ಮೆ ಹಾರ್ನು ಒತ್ತಿ, ಸಾವಿನ ಮನೆ ಎಂದು ನೆನಪಾಗಿ ಕೈ ತೆಗೆದ.

“ನನಗೆ ಯಾಕೆ ಹೇಳಲಿಲ್ಲ?” ಎಂದಳು ಟೈಲರಮ್ಮ. ಬಡಗಿಯನ್ನು ಕೇಳಿದ್ದಲ್ಲ. ಆದರೆ ಉತ್ತರ ಅಕ್ಕನಿಂದ ಬಂತು.

“ಅವನು ಯಾರಿಗೆ ಏನು ಹೇಳಿದ್ದ ಕಣೆ? ಚಿಕ್ಕೋನಿದ್ದಾಗ ಕಾಲಿಗೆ ಮೊಳೆ ಚುಚ್ಚಿ ಮೂರು ದಿನ ಕುಂಟಿದ. ಯಾಕೋ ಅಂದ್ರೆ ಚಪ್ಪಲಿ ಬಿಗಿ ಅಂದ. ತಪ್ಪು ಮಾಡಿದೆ ಅಂತ ಬಾಯಲ್ಲಿ ಹೇಳೋ ಬದಲು ಸರಿ ಮಾಡಿ ತಂದು ಮುಂದಿಡೋಣ ಅನ್ನೋ ಜಾತಿ.” ಮೂಗು ಒರೆಸಿಕೊಂಡಳು. “ನೀನೂ ಅಷ್ಟೇ. ನಿಂತು ಎರಡನೇ ಸಲ ಕೇಳಿದೋಳಲ್ಲ.”

ಟೈಲರಮ್ಮ ತಲೆಯಾಡಿಸಿದಳು. ನಿಜವಾದ ಮಾತು.

ಮೀಟರಣ್ಣನನ್ನು ಹೊರಗೆ ತಂದರು. ಈಗ ಜಾಗ ಸಲೀಸಾಗಿತ್ತು. ನಾಲ್ಕು ಜನ ಹೊತ್ತುಕೊಂಡು, ಊರಿನ ಮನೆ ನಂಬರುಗಳೆಲ್ಲ ಅಂಟಿದ್ದ ಆ ಹಲಗೆಯ ಪಕ್ಕದಿಂದ ಬೀದಿಗಿಳಿದರು.

*

ಸ್ಮಶಾನಕ್ಕೆ ಹೋದವರು ಒಂಬತ್ತು ಜನ. ಮುಗಿಸಿ ಹೊರಟಾಗ ಸಂಜೆಯಾಗುತ್ತಿತ್ತು. ಟೀ ಅಂಗಡಿಯವನು ಟೈಲರಮ್ಮನ ಪಕ್ಕದಲ್ಲಿ ನಡೆಯುತ್ತ ಬಂದ. ಏನೋ ಹೇಳುವುದಿದ್ದವನ ಹಾಗೆ ಎರಡು ಸಲ ಕೆಮ್ಮಿದ.

“ಅಮ್ಮಾ, ಆ ಡ್ರಾಯರು ವಿಷಯ. ಇವತ್ತು ಮೇಸ್ತ್ರಿ ಹೇಳಿದ ಮೇಲೆ ನನಗೆ ಅರ್ಥ ಆಯ್ತು. ಹದಿನಾಲ್ಕು ವರ್ಷದ ಹಿಂದೆ ಅನ್ನಿಸುತ್ತೆ, ನನ್ನ ಮಗಳು ಹುಟ್ಟಿದ ವರ್ಷ. ಒಂದು ದಿನ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಟೀಗೆ ಬಂದ್ರು. ‘ಬಂತಪ್ಪಾ’ ಅಂದ್ರು. ಏನು ಬಂತು ಅಂದೆ. ‘ಡ್ರಾಯರು ಈಚೆಗೆ ಬಂತು’ ಅಂದ್ರು. ಅದಕ್ಕೆ ಇಷ್ಟು ಸಂತೋಷನಾ ಅಂತ ನಾನು ಸುಮ್ಮನಾದೆ. ಟೀ ಕುಡಿದು ನಿಮ್ಮ ಬೀದಿ ಕಡೆ ಹೋದ್ರು.”

“ಬರಲಿಲ್ಲ ಅವರು,” ಎಂದಳು ಟೈಲರಮ್ಮ.

“ಬಂದಿದ್ರು. ಅರ್ಧ ಗಂಟೆ ಬಿಟ್ಟು ವಾಪಸು ಬಂದ್ರು. ‘ಒಳಗೆ ಆರು ಜನ ಹುಡುಗೀರಿಗೆ ಹೊಲಿಗೆ ಹೇಳಿಕೊಡ್ತಾ ಇದ್ಲು. ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸ್ತಾ ಇದ್ಲು. ಕರೆಯೋದು ಸರಿಯಲ್ಲ ಅನ್ನಿಸ್ತು’ ಅಂದ್ರು. ಇನ್ನೊಂದು ಟೀ ಕೊಡು ಅಂದ್ರು. ಅದನ್ನ ಕುಡಿಯಲಿಲ್ಲ.”

ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, “ನೆಲದ ಮೇಲೆ ಅಂದ್ರಾ?” ಎಂದಳು.

“ಹೂಂ. ಅದನ್ನೇ ಎರಡು ಸಲ ಅಂದ್ರು. ‘ಕಾಂಕ್ರೀಟು ನೆಲ, ಮಂಡಿ ಏನಾಗಬೇಡ’ ಅಂದ್ರು.”

*

ಮನೆಯಲ್ಲಿ ಮಾಲೀಕ ಕಾಯುತ್ತಿದ್ದ. ಅಕ್ಕ ಒಳಗೆ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಬಡಗಿ, ಯಾರೂ ಹೇಳದೆಯೇ, ಮೇಜನ್ನು ಮತ್ತೆ ಕೂಡಿಸಿ ನಿಲ್ಲಿಸಿದ್ದ.

“ಬಿಚ್ಚಿದ್ದನ್ನ ಜೋಡಿಸಿ ನೋಡೋಣ ಅನ್ನಿಸ್ತು,” ಎಂದ ಸಂಕೋಚದಿಂದ. “ಒಂದು ಕೂದಲು ಆಚೀಚೆ ಇಲ್ಲ.”

“ಅವಸರ ಏನಿಲ್ಲಮ್ಮ,” ಎಂದ ಮಾಲೀಕ. “ತಿಂಗಳು ಪೂರ್ತಿ ಇಟ್ಕೊಳ್ಳಿ. ಆದ್ರೆ ಈ ಮೇಜು ಯಾರಿಗೆ ಬೇಕಾಗುತ್ತೆ ಹೇಳಿ. ಊಟಕ್ಕೆ ಎತ್ತರ, ಬರೆಯೋಕೆ ಉದ್ದ.”

ಟೈಲರಮ್ಮ ಟೇಪಿನ ತುದಿಯನ್ನು ನೆಲಕ್ಕೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಮೇಲಕ್ಕೆ ಎಳೆದಳು. ಮೂವತ್ತಾರು ಇಂಚು. ಮೇಜಿನ ಮುಂದೆ ನಿಂತು ಎರಡು ಕೈಯನ್ನೂ ಅದರ ಮೇಲಿಟ್ಟಳು. ಬೆನ್ನು ಬಗ್ಗಿಸಬೇಕಾಗಲಿಲ್ಲ. ಅವಳ ಚೀಲದಲ್ಲಿ ಯಾರದೋ ರವಿಕೆಯಿಂದ ಉಳಿದ ರೇಷ್ಮೆ ಚೂರಿತ್ತು. ಅದನ್ನು ತೆಗೆದು ಹಲಗೆಯ ಮೇಲೆ ಹಾಸಿ ಒಂದು ತುದಿ ಹಿಡಿದು ನಿಧಾನಕ್ಕೆ ಎಳೆದಳು. ಅಂಚೆ ಕಚೇರಿಯ ಬಿರುಕು ದಾಟಿತು, ಮೆಟ್ಟಿಲಿನ ಮೊಳೆ ತೂತುಗಳನ್ನು ದಾಟಿತು, ಅಡುಗೆಮನೆ ಬಾಗಿಲಿನ ಸೀಳನ್ನು ದಾಟಿತು. ಒಂದು ನೂಲೂ ಹಿಡಿಯಲಿಲ್ಲ.

ಬಡಗಿ ಅದನ್ನು ನೋಡಿದ. ನೋಡಿ, ಗರಗಸವನ್ನು ಕಂಕುಳಿಗೆ ಏರಿಸಿಕೊಂಡ. “ಬಟ್ಟೆ ಕತ್ತರಿಸೋ ಮೇಜು,” ಎಂದು ಮಾಲೀಕನಿಗೆ ಮೆಲ್ಲಗೆ ಹೇಳಿದ. “ನಾವು ಹನ್ನೊಂದು ವರ್ಷ ಊಟದ ಮೇಜು ಅಂತ ನಗ್ತಿದ್ವಿ. ನಡೀರಿ, ಹೊರಗಿರೋಣ.”

ಒಳಕೋಣೆಯಲ್ಲಿ, ಮಂಚದ ಪಕ್ಕದಲ್ಲೇ, ಬಟ್ಟೆ ಹೊದಿಸಿದ್ದ ಮೆಷಿನ್ನು ಇತ್ತು. ಅವಳು ಬಟ್ಟೆ ಸರಿಸಿದಳು. ಹಲಗೆ ಇಡಿಯಾಗಿತ್ತು. ಆ ಭಾನುವಾರದ ಗೆರೆ ಸುತ್ತಲಿನ ಮರಕ್ಕಿಂತ ಒಂದಿಷ್ಟು ಕಪ್ಪಾಗಿ ಉದ್ದಕ್ಕೂ ಹೋಗಿತ್ತು. ಸುತ್ತಿಗೆ ಅಲ್ಲೇ ಇತ್ತು, ಅವಳು ಇಟ್ಟ ಕಡೆಯಲ್ಲೇ. ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದ ಹಾಗಿತ್ತು.

ಡ್ರಾಯರಿನ ಹಿಡಿಗೆ ಕೈ ಹಾಕಿದಳು. ಹದಿನೆಂಟು ವರ್ಷದ ಹಿಂದಿನ ಜೋರಿನಲ್ಲೇ ಎಳೆದಳು. ಅದು ಪೂರ್ತಿ ಕೈಗೆ ಬಂದುಬಿಟ್ಟಿತು, ಅವಳು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಮಂಚದ ಮೇಲೆ ಕೂತಳು. ಅದರ ಎರಡು ಪಕ್ಕಕ್ಕೂ ಮೇಣ ಸವರಿತ್ತು.

ಒಳಗೆ ಸೀಮೆಸುಣ್ಣದ ಎರಡು ತುಂಡು, ಅವಳ ಬೆರಳಗವಸು, ಲಕೋಟೆ. ಲಕೋಟೆಯ ಒಂದು ಮೂಲೆ ಮಾತ್ರ ಮರಕ್ಕೆ ಅಂಟಿಕೊಂಡಿತ್ತು. ಕಿತ್ತರೆ ಹರಿಯುತ್ತದೆ ಎಂದು ಅವನು ಅದನ್ನು ಹಾಗೇ ಬಿಟ್ಟಿದ್ದ. ಬಾಯಿ ತೆರೆದಿರಲಿಲ್ಲ. ಅವಳು ಅದರ ಬಾಯಿ ಬಿಡಿಸಿ, ಅಂಟಿದ ಮೂಲೆಯನ್ನು ಹಾಗೇ ಬಿಟ್ಟು, ಕಾಗದವನ್ನಷ್ಟೇ ಈಚೆಗೆ ಎಳೆದು ಓದಿದಳು. ಸೇರಬೇಕಾದ ದಿನಾಂಕ, ತರಬೇಕಾದ ದಾಖಲೆ, ಕೆಳಗೆ ಯಾರದೋ ಸಹಿ. ಎಲ್ಲವೂ ಅವಳಿಗೆ ನೆನಪಿದ್ದ ಹಾಗೇ ಇತ್ತು.

ಕೆಲಸ ಹೋಗಿತ್ತು. ಹದಿನೆಂಟು ವರ್ಷ ಹೋಗಿತ್ತು, ಅದರಲ್ಲಿ ಕೊನೆಯ ಹದಿನಾಲ್ಕು ಈ ಡ್ರಾಯರು ತೆರೆದೇ ಇತ್ತು. ಸಿಕ್ಕಿದ್ದು ಒಂದು ಮೇಜು.

ಕಾಗದವನ್ನು ಮಡಿಸಿ ಲಕೋಟೆಯೊಳಗೆ ಇಟ್ಟಳು. ಡ್ರಾಯರನ್ನು ಅದರ ಜಾಗಕ್ಕೆ ಹಿಡಿದು ಒಂದು ಬೆರಳಿನಲ್ಲಿ ತಳ್ಳಿದಳು. ಸದ್ದಿಲ್ಲದೆ ಹೋಗಿ ಕೂತಿತು. ಮತ್ತೆ ಅದೇ ಬೆರಳಿನಲ್ಲಿ ಎಳೆದಳು. ಬಂತು.